ಹೆಸರಿನ ಬೆಲೆಯೂ ಧ್ವನಿಯ ಬೆಲೆಯೂ

ನಮ್ಮ ಪಟ್ಟಣಗಳಲ್ಲಿ ಹೆಡ್‌ಫೋನು ಈಗ ಸಂಗೀತವನ್ನು ಕೇಳುವ ಸಾಧನವಾಗಿ ಮಾತ್ರ ಉಳಿದಿಲ್ಲ. ಧರಿಸಿದವನ ಅಂತಸ್ತನ್ನು ಸಾರುವ ಆಭರಣವೂ ಆಗಿದೆ. ಒಂದೆರಡು ಸಾವಿರ ರೂಪಾಯಿಗೆ ದೊರೆಯತಕ್ಕ ಪದಾರ್ಥವು ಹೆಸರಾಂತ ಕಂಪೆನಿಯ ಮುದ್ರೆಯನ್ನು ಹೊತ್ತಾಗ 25,000 ರೂಪಾಯಿಗೂ ಮೇಲಕ್ಕೆ ಏರುತ್ತದೆ. ಇದು ಅನೇಕ ಗುಮಾಸ್ತರ ಒಂದು ತಿಂಗಳ ಸಂಬಳ. ಕೈಯಲ್ಲಿ ಹಣವಿಲ್ಲದವರು ಕಂತಿನ ಮೇಲಾದರೂ ಕೊಳ್ಳುತ್ತಾರೆ. ಇಷ್ಟು ಹಣವನ್ನು ತೆತ್ತವನಿಗೆ ಅದಕ್ಕೆ ತಕ್ಕ ನಾದವು ದೊರೆಯುವುದೇ ಎಂದು ವಿಚಾರಿಸುವುದು ಅನುಚಿತವಾಗಲಾರದು.

ಈ ವ್ಯಾಪಾರದ ದೊಡ್ಡ ಹೆಸರುಗಳಲ್ಲಿ ಒಂದು ಭಾರತೀಯ ಮೂಲದ್ದೆಂಬುದು ನಮಗೆ ಹೆಮ್ಮೆಯ ಸಂಗತಿ. ಬ್ರಿಟಿಷ್ ಸರಕಾರಕ್ಕೆ ಎದುರು ನಿಂತು, ಕಡೆಗೆ ಕಲ್ಕತ್ತೆಯಿಂದ ತಪ್ಪಿಸಿಕೊಂಡು ಅಮೆರಿಕವನ್ನು ಸೇರಿದ ನೋನಿ ಗೋಪಾಲ ಬೋಸರ ಪುತ್ರರೇ ಅಮರ ಬೋಸರು. 1956ರಲ್ಲಿ, ಎಂ.ಐ.ಟಿ.ಯ ವಿದ್ಯಾರ್ಥಿಯಾಗಿದ್ದಾಗ, ಅವರು ವಿವರಪತ್ರದ ಅಂಕಿಗಳನ್ನು ನಂಬಿ ಉತ್ತಮವಾದ ಸ್ಟೀರಿಯೋವೊಂದನ್ನು ಕೊಂಡರು. ಸಭೆಯಲ್ಲಿ ಕೇಳಿದ ಸಂಗೀತದ ಸೊಗಸು ಅದರಿಂದ ಹೊರಡಲಿಲ್ಲ. ಆ ನಿರಾಶೆಯಿಂದಲೇ ಅವರ ಸಂಶೋಧನೆಯೂ, 1964ರಲ್ಲಿ ಅವರ ಕಂಪೆನಿಯೂ ಹುಟ್ಟಿದವು. ಇಂಥವರ ವಿಷಯದಲ್ಲಿ ಅಭಿಮಾನವಿರುವುದು ಸಹಜವೇ. ಆದರೆ ಅಭಿಮಾನವು ಬೇರೆ, ಬೆಲೆಯ ತೀರ್ಮಾನವು ಬೇರೆ. ಹೊಗಳಿಕೆಯನ್ನು ನಂಬದೆ ಕಿವಿಯಿಂದ ಕೇಳಿ ತೀರ್ಮಾನಿಸಬೇಕೆಂಬುದೇ ಆ ಮಹನೀಯರ ಜೀವನದಿಂದ ನಾವು ಕಲಿಯತಕ್ಕ ಪಾಠ.

ಕಿವಿಯಾದರೂ ಕಣ್ಣಿನ ಮಾತಿಗೆ ಮರುಳಾಗುವುದುಂಟು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಶಬ್ದಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಅವೇ ಸ್ಪೀಕರುಗಳನ್ನು ಅವೇ ಜನರಿಗೆ ಒಮ್ಮೆ ಕಣ್ಣಿಗೆ ಕಾಣುವಂತೆಯೂ ಒಮ್ಮೆ ಪರದೆಯ ಮರೆಯಲ್ಲಿಯೂ ಕೇಳಿಸಿದರು. ಪರದೆ ಬಿದ್ದೊಡನೆ ಅಭಿಪ್ರಾಯಗಳು ಬದಲಾದವು. ಕೇಳಿದವರು ಸಾಮಾನ್ಯರಲ್ಲ, ಸ್ಪೀಕರು ತಯಾರಿಸುವ ಕಂಪೆನಿಯ ನೌಕರರೇ! ಇನ್ನು, 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬವರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರವನ್ನು ಎಷ್ಟು ಬಲವಾಗಿ ನುಡಿಸುತ್ತದೆಂಬ ಗುಣಕ್ಕೂ ಅಂಗಡಿಯ ಬೆಲೆಗೂ ಯಾವ ಸಂಬಂಧವೂ ಕಂಡುಬರಲಿಲ್ಲ.

ಹಾಗಾದರೆ ಹೆಚ್ಚಿನ ಬೆಲೆಯೆಲ್ಲವೂ ವಂಚನೆಯೇ? ಹಾಗೆಂದರೆ ಅನ್ಯಾಯವಾದೀತು. ಸ್ಪೀಕರಿನಿಂದ ಮೃದಂಗದ ಎಡಗಡೆಯ ಗಂಭೀರನಾದವು ಹೊರಡಬೇಕಾದರೆ ಗಾಳಿಯನ್ನು ಹೆಚ್ಚಾಗಿ ಅಲುಗಿಸಬೇಕು. ಅದಕ್ಕೆ ಅಗಲವಾದ ಪೊರೆಯೂ ಭದ್ರವಾದ ಪೆಟ್ಟಿಗೆಯೂ ಬೇಕು. ಇವಕ್ಕೆ ಹಣವು ನಿಜವಾಗಿಯೂ ತಗಲುತ್ತದೆ. ಹೆಡ್‌ಫೋನಿನಲ್ಲಿ ಹೊರಗಿನ ಗದ್ದಲವನ್ನು ಅಡಗಿಸುವ ಉಪಾಯವೂ ಹಾಗೆಯೇ. 1978ರಲ್ಲಿ ಜೂರಿಚ್‌ನಿಂದ ವಿಮಾನದಲ್ಲಿ ಮರಳುವಾಗ ಅಮರ ಬೋಸರಿಗೆ ಹೊಳೆದ ವಿಚಾರವಿದು. ಒಳಗಿನ ಮೈಕ್ರೊಫೋನು ಗದ್ದಲವನ್ನು ಗ್ರಹಿಸುತ್ತದೆ; ಯಂತ್ರವು ಅದಕ್ಕೆ ವಿಲೋಮವಾದ ಅಲೆಯನ್ನು ಹೊರಡಿಸಿ ಅದನ್ನು ಕುಗ್ಗಿಸುತ್ತದೆ. ಇಂಜಿನಿನ ಒಂದೇ ಸಮನಾದ ಮೊರೆತವು ಇದರಿಂದ ಬಹುಮಟ್ಟಿಗೆ ಅಡಗುವುದು. ಪಕ್ಕದವರ ಮಾತು ಅಷ್ಟಾಗಿ ಅಡಗದು. ನಿತ್ಯವೂ ಬಸ್ಸಿನಲ್ಲಿ ಎರಡು ಗಂಟೆ ಕಳೆಯುವವನಿಗೆ ಇದು ದೊಡ್ಡ ಉಪಕಾರ. ಮನೆಯ ಮೌನದಲ್ಲಿ ಕುಳಿತು ಕೇಳುವವನಿಗೆ ಇದಕ್ಕಾಗಿ ಹಣ ಸುರಿಯುವ ಅಗತ್ಯವೇನು? ಈಗ ಈ ಉಪಾಯವು ಅಗ್ಗದ ಹೆಡ್‌ಫೋನುಗಳಲ್ಲಿಯೂ ಬಂದಿದೆಯೆಂಬುದನ್ನು ಮರೆಯಲಾಗದು.

ಬಾಳಿಕೆಯ ವಿಚಾರವೂ ಉಂಟು. ತಂತಿಯಿಲ್ಲದ ಹೆಡ್‌ಫೋನಿನ ಬ್ಯಾಟರಿಯು ವರ್ಷಗಳು ಕಳೆದಂತೆ ಶಕ್ತಿಗುಂದುವುದು. ಕಂಪೆನಿಯ ಹೆಸರು ಅದನ್ನು ಕಾಪಾಡಲಾರದು. ಬ್ಯಾಟರಿಯನ್ನು ಬದಲಾಯಿಸಲು ಬಾರದಿದ್ದರೆ ಒಂದು ಸಾವಿರದ್ದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ಒಂದೇ ಗತಿ. ಆದುದರಿಂದ ದುರಸ್ತಿ ಸಾಧ್ಯವೇ, ಕಿವಿಯ ಮೆತ್ತೆ ಬಿಡಿಯಾಗಿ ಸಿಗುವುದೇ ಎಂದು ಕೇಳಿ ತಿಳಿಯುವುದು ಬಣ್ಣವನ್ನು ಆರಿಸುವುದಕ್ಕಿಂತ ಮುಖ್ಯವಾದುದು.

ಕೊಳ್ಳುವವರಿಗೆ ನಮ್ಮ ಸಲಹೆ ಇಷ್ಟೆ. ಚೆನ್ನಾಗಿ ಪರಿಚಯವಿರುವ ಕೀರ್ತನೆಯೊಂದನ್ನು ಆರಿಸಿಕೊಳ್ಳಿರಿ. ಎರಡು ಸ್ಪೀಕರುಗಳನ್ನು ಒಂದೇ ಮಟ್ಟದ ಸದ್ದಿನಲ್ಲಿ ಕೇಳಿರಿ. ಏಕೆಂದರೆ ತುಸು ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ಕಿವಿಗೆ ತೋರುತ್ತದೆ. ಯಾವುದು ಯಾವ ಕಂಪೆನಿಯದೆಂದು ತಿಳಿಯದಂತೆ ಮಿತ್ರರೊಬ್ಬರಿಂದ ಬದಲಾಯಿಸಿ ನುಡಿಸಿರಿ. ತಂಬೂರಿಯ ಝೇಂಕಾರವೂ ಗಾಯಕನ ಉಸಿರೂ ಯಾವುದರಲ್ಲಿ ಸಹಜವಾಗಿ ಕೇಳುವುವೋ ಅದೇ ನಿಮಗೆ ತಕ್ಕುದು. ವ್ಯತ್ಯಾಸವು ತಿಳಿಯದಿದ್ದರೆ ಅಗ್ಗದ್ದನ್ನೇ ಕೊಳ್ಳಲು ನಾಚಿಕೆಪಡಬೇಕಾಗಿಲ್ಲ.

ಕಡೆಯದಾಗಿ ಒಂದು ಮಾತು. ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ಲಿನ ಸದ್ದನ್ನು ಮೀರದೆ ಕೇಳುವುದು ವಯಸ್ಕರಿಗೆ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಸದ್ದು ಏರಿದಷ್ಟೂ ಕ್ಷೇಮದ ಕಾಲವು ಕುಗ್ಗುವುದು. ಹೆಡ್‌ಫೋನು ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಕಿವಿ ಕೆಟ್ಟರೆ ಅದಕ್ಕೆ ಸಮನಾದುದು ಯಾವ ಅಂಗಡಿಯಲ್ಲಿಯೂ ದೊರೆಯದು. ಹಣವನ್ನೂ ಕಿವಿಯನ್ನೂ ಕಾಪಾಡಿಕೊಂಡು ಸಂಗೀತವನ್ನು ಸವಿಯುವವನೇ ನಿಜವಾದ ರಸಿಕನೆಂದು ನಾವು ತಿಳಿಯುತ್ತೇವೆ.