ತಗಡಿನ ತುಂಡು ಮತ್ತು ಕಾಣದ ಹೊಗೆ

ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವಾಗ ಗಾಡಿ ಮುಗ್ಗರಿಸಿತೆಂದರೆ ಕುಂದಾಪುರ ಕಡೆಯ ಡ್ರೈವರ ಬಾಯಲ್ಲಿ ಮೊದಲು ಬರುವ ಮಾತು, "ಪಿಕಪ್ಪೇ ಇಲ್ಲೆ ಮರ್ರೆ." ಮರುದಿನ ಗ್ಯಾರೇಜಿನಲ್ಲಿ ಅದಕ್ಕೆ ಸಿಗುವ ಉತ್ತರವೂ ಬಹಳ ಸಲ ಒಂದೇ: "ಇಜಿಆರ್ ಬಂದ್ ಮಾಡಿ ಬಿಡುವ." ಪ್ಯಾಕಿಂಗಿನ ಅಳತೆಗೆ ಕತ್ತರಿಸಿದ ತಗಡಿನ ಒಂದು ತುಂಡು, ಬಿಚ್ಚಿ ಹಾಕಲು ಒಂದೆರಡು ಬೋಲ್ಟು. ಗಾಡಿ ಹೊರಗೆ ಬಂದಾಗ ನಿಜವಾಗಿಯೂ ಚುರುಕಾಗಿರುತ್ತದೆ, ಸೈಲೆನ್ಸರಿನ ಕಪ್ಪು ಹೊಗೆಯೂ ಇಳಿದಿರುತ್ತದೆ. ಹಾಗಿದ್ದರೆ ಕಂಪನಿಯವರು ಅದನ್ನು ಇಟ್ಟದ್ದಾದರೂ ಏಕೆ ಎಂದು ಕೇಳುವವರಿಗೆ ಗ್ಯಾರೇಜಿನಲ್ಲಿ ಸಿಗುವ ಉತ್ತರ, "ಸರ್ಕಾರದ ರೂಲ್ಸಿಗೆ." ಅದು ಸುಳ್ಳಲ್ಲ. ಆದರೆ ಅರ್ಧ ಉತ್ತರ.

ಇಜಿಆರ್ ಅಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್. ಎಂಜಿನ್ ಹೊರಗೆ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಹಿಡಿದು, ತಣಿಸಿ, ಮತ್ತೆ ಅದೇ ಎಂಜಿನ್‌ಗೆ ಉಸಿರಾಡಲು ಕೊಡುವ ಏರ್ಪಾಡು. ಕೇಳಲು ವಿಚಿತ್ರ. ಉಂಡು ಬಿಟ್ಟದ್ದನ್ನೇ ಮತ್ತೆ ಬಡಿಸಿದ ಹಾಗೆ! ಇದರ ಗುಟ್ಟು ಗಾಳಿಯಲ್ಲಿದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಸಾರಜನಕ ಮಹಾ ಸೋಮಾರಿ, ಯಾರ ಜೊತೆಗೂ ಸುಲಭಕ್ಕೆ ಕೂಡುವುದಿಲ್ಲ. ಆದರೆ ಡೀಸೆಲ್ ಉರಿಯುವ ಜಾಗದಲ್ಲಿ ಬಿಸಿ 1,500 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರಿದಾಗ ಅದಕ್ಕೂ ಎಚ್ಚರವಾಗಿ ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ಹಾಗೆ ಹುಟ್ಟುವ ಅನಿಲಗಳನ್ನು ಚುಟುಕಾಗಿ ನಾಕ್ಸ್ ಎನ್ನುತ್ತಾರೆ. ಡೀಸೆಲ್ ಎಂಜಿನ್‌ಗೆ ಯಾವಾಗಲೂ ಉರಿಯಲು ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಸಿಗುವುದರಿಂದ ಈ ಕೂಡಾಟಕ್ಕೆ ಅಲ್ಲಿ ಎಡೆ ಜಾಸ್ತಿ.

ಸುಟ್ಟ ಅನಿಲದಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡು ಮತ್ತು ನೀರಾವಿ ಹೆಚ್ಚು. ಇವೆರಡೂ ಬಿಸಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಹೊಸ ಗಾಳಿಗೆ ಇದನ್ನು ಬೆರೆಸಿದರೆ ಉರಿಯ ಉಗ್ರತೆ ಇಳಿಯುತ್ತದೆ. ಬಚ್ಚಲೊಲೆಯ ಕೆಂಡದ ಮೇಲೆ ಒಂದಿಷ್ಟು ಬೂದಿ ಎಳೆದ ಹಾಗೆ. ನಾಕ್ಸ್ ಗಣನೀಯವಾಗಿ ತಗ್ಗುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಿಗೆ ಬಂದ ಈ ಉಪಾಯ ಆಮೇಲೆ ಡೀಸೆಲ್ಲಿಗೂ ಬಂತು.

ಬೂದಿ ಎಳೆದ ಒಲೆ ಹೊಗೆಯಾಡುತ್ತದೆ, ಅದೂ ಗೊತ್ತಿದ್ದದ್ದೇ. ಉರಿ ತಗ್ಗಿದರೆ ಮಸಿ ಹೆಚ್ಚು. ಆ ಮಸಿ ಇಜಿಆರ್ ಪೈಪಿನಲ್ಲಿ ಹಿಂದಕ್ಕೆ ಬರುವಾಗ ಎಂಜಿನ್ ಒಳಗಿಂದ ಬರುವ ಆಯಿಲ್ ಆವಿಯೂ ಅದೇ ದಾರಿಗೆ ಸೇರುತ್ತದೆ. ಎರಡೂ ಕಲೆತರೆ ಹಳೆಯ ಮನೆಯ ಅಟ್ಟದ ಇಲ್ಲಣಕ್ಕೆ ಎಣ್ಣೆ ಕಲಸಿದಂಥ ಕಪ್ಪು ಅಂಟು. ವಾಲ್ವಿನ ಬಾಯಿಗೆ, ಇಂಟೇಕ್ ಪೈಪಿನ ಒಳಗೋಡೆಗೆ ಅದು ಪದರ ಪದರವಾಗಿ ಹಿಡಿಯುತ್ತದೆ. ಒಂದು ದಿನ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲಾರದೆ ಅರ್ಧ ತೆರೆದೇ ನಿಲ್ಲುತ್ತದೆ.

ನಮ್ಮ ಕಡೆ ಇದು ಬೇಗ ಆಗಲು ಓಡಾಟದ ರೀತಿಯೇ ಕಾರಣ. ಬೈಂದೂರಿನಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೇ ಓಟ ಓಡುವ ಎಕ್ಸ್‌ಪ್ರೆಸ್ ಬಸ್ಸಿನ ಎಂಜಿನ್ ಚೆನ್ನಾಗಿ ಕಾಯುತ್ತದೆ, ಹೊಗೆ ರಭಸದಿಂದ ಹೊರಗೆ ಹೋಗುತ್ತದೆ. ಬ್ರಹ್ಮಾವರದಿಂದ ಬಾರ್ಕೂರಿಗೆ, ಅಲ್ಲಿಂದ ಮಂದಾರ್ತಿಗೆ ಮಕ್ಕಳನ್ನು ಬಿಡುತ್ತಾ ತಿರುಗುವ ಶಾಲೆಯ ವ್ಯಾನಿಗೆ, ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ ಎಂಜಿನ್ ಬಂದ್ ಮಾಡದೆ ಬಾಡಿಗೆಗೆ ಕಾಯುವ ಟೆಂಪೋಗೆ ಆ ಯೋಗವಿಲ್ಲ. ಅರೆಬೆಚ್ಚಗಿನ ಎಂಜಿನ್, ಸಣ್ಣ ಓಟ. ಮಸಿ ಕೂರಲು ಇದಕ್ಕಿಂತ ಒಳ್ಳೆಯ ಮಣೆ ಇನ್ನೊಂದಿಲ್ಲ.

ಈಗ ಘಾಟಿಗೆ ಬರೋಣ. ಇಡೀ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಇಜಿಆರ್ ವಾಲ್ವ್ ಯಾವಾಗಲೂ ತೆರೆದಿರುವುದಿಲ್ಲ. ಎಂಜಿನ್ ಮೇಲೆ ಹೊರೆ ಕಡಿಮೆ ಇದ್ದಾಗ ಅದು ಅಗಲವಾಗಿ ತೆರೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಒಳಹೋಗುವ ಅನಿಲದ ಅರ್ಧದಷ್ಟೂ ಸುಟ್ಟ ಹೊಗೆಯೇ ಆಗಿರಬಹುದು. ಆದರೆ ಆಕ್ಸಿಲರೇಟರನ್ನು ಪೂರ್ತಿ ಅದುಮಿದಾಗ ಎಂಜಿನ್‌ಗೆ ಇದ್ದಬದ್ದ ಆಮ್ಲಜನಕವೆಲ್ಲ ಬೇಕು. ಆಗ ಗಾಡಿಯ ಕಂಪ್ಯೂಟರೇ ವಾಲ್ವನ್ನು ಮುಚ್ಚುತ್ತದೆ, ಇಲ್ಲವೇ ಮುಚ್ಚುವಷ್ಟು ಕಿರಿದು ಮಾಡುತ್ತದೆ. ಬಾಳೆಬರೆಯಲ್ಲಾಗಲಿ, ಕೊಲ್ಲೂರಿನಿಂದ ನಾಗೋಡಿಗೆ ಏರುವಾಗಲಾಗಲಿ, ಮುರಕಲ್ಲು ತುಂಬಿದ ಲಾರಿ ಒತ್ತಿನೆಣೆ ಹತ್ತುವಾಗಲಾಗಲಿ, ಸರಿಯಾಗಿರುವ ಇಜಿಆರ್ ಪಿಕಪ್ಪಿಗೆ ಅಡ್ಡ ಬರುವ ಮಾತು ಕಡಿಮೆ. ಅಡ್ಡ ಬರುವುದು ಮಸಿ ಹಿಡಿದು, ಮುಚ್ಚಬೇಕಾದಾಗ ಮುಚ್ಚಿಕೊಳ್ಳದ ವಾಲ್ವ್. ತಗಡು ಹಾಕಿದಾಗ ಸಿಗುವ ಚುರುಕು ಹೊಸದಾಗಿ ಬಂದದ್ದಲ್ಲ, ಗಾಡಿ ಕೊಂಡಾಗ ಇದ್ದದ್ದೇ. ವಾಲ್ವ್ ತೊಳೆದಿದ್ದರೂ ಅದು ವಾಪಸು ಬರುತ್ತಿತ್ತು.

ಇನ್ನು ಹೊಗೆಯ ಮಾತು. ತಗಡು ಹಾಕಿದ ಗಾಡಿ ಹೊಗೆ ತಪಾಸಣೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಮೊದಲಿಗಿಂತ ಚೆನ್ನಾಗಿಯೇ. ಡೀಸೆಲ್ ಗಾಡಿಗೆ ಆ ಕೇಂದ್ರಗಳಲ್ಲಿ ಮಾಡುವುದು ಇಷ್ಟೇ: ಗಾಡಿ ನಿಲ್ಲಿಸಿ ಆಕ್ಸಿಲರೇಟರನ್ನು ಕೆಲವು ಸಲ ಗಕ್ಕನೆ ಅದುಮಿಸಿ, ಹೊರಗೆ ಬಂದ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವುದು. ಬೆಳಕನ್ನು ತಡೆಯುವುದು ಮಸಿ. ನಾಕ್ಸ್ ಬೆಳಕನ್ನು ಹಾಗೆ ತಡೆಯುವುದಿಲ್ಲ, ಆ ಯಂತ್ರ ಅದನ್ನು ಅಳೆಯುವುದೂ ಇಲ್ಲ. ಕಣ್ಣಿಗೆ ಕಾಣುವ ಹೊಗೆಯನ್ನು ಕಡಿಮೆ ಮಾಡಿ ಕಾಣದ್ದನ್ನು ಹೆಚ್ಚಿಸಿದ ಗಾಡಿ ಸರ್ಟಿಫಿಕೇಟ್ ಹಿಡಿದು ಹೊರಬರುತ್ತದೆ. ಕಾಣದ್ದರ ಕೆಲಸವೋ ಶ್ವಾಸನಾಳ ಕೆರಳಿಸುವುದು, ಉಬ್ಬಸದವರನ್ನು ಇನ್ನಷ್ಟು ಕಾಡುವುದು, ಬಿಸಿಲಿನಲ್ಲಿ ಬೇರೆ ಆವಿಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಆಗುವುದು. ಕಡಲಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ ಎಂದು ಮರವಂತೆಯಲ್ಲಿ ನಿಂತವರಿಗೆ ಅನ್ನಿಸಬಹುದು. ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ ದಿನವಿಡೀ ಕೂತವರನ್ನು ಕೇಳಿ ನೋಡಬೇಕು.

ಕಾನೂನು ಹಿಡಿಯಲು ಹೊರಟದ್ದು ಈ ಕಾಣದ್ದನ್ನೇ. ದೇಶದಾದ್ಯಂತ 2017ರ ಏಪ್ರಿಲಿನಲ್ಲಿ ಬಂದ ಬಿಎಸ್ 4 (ಭಾರತ್ ಸ್ಟೇಜ್ 4) ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ನಾಕ್ಸ್ ಬಿಡಬಹುದಿತ್ತು. 2020ರ ಏಪ್ರಿಲ್ 1ರ ಬಿಎಸ್ 6 ಅದನ್ನು 0.08 ಗ್ರಾಮಿಗೆ ಇಳಿಸಿತು. ಗಾಡಿಯ ಮೂಲ ರಚನೆಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಕಲಂ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ತಗಡು ಹಾಕಿದವನಿಗಲ್ಲ, ಹಾಕಿಸಿಕೊಂಡವನಿಗೆ ಎಂಬುದನ್ನು ಗಮನಿಸಬೇಕು.

ಗ್ಯಾರೇಜಿನವರನ್ನಷ್ಟೇ ದೂರುವುದು ನ್ಯಾಯವಲ್ಲ. ಅವರು ತಗಡಿನಲ್ಲಿ ಮಾಡಿದ್ದನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಸಾಫ್ಟ್‌ವೇರಿನಲ್ಲಿ ಮಾಡಿತ್ತು. 2015ರ ಸೆಪ್ಟೆಂಬರಿನಲ್ಲಿ ಅದು ಬಯಲಾಯಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿದ ಕೂಡಲೇ ಯುರೋಪಿನ ಆ ಕಾರುಗಳು ಹೊಗೆಯನ್ನು ಹೆಚ್ಚಾಗಿ ಒಳಗೆ ತಿರುಗಿಸಿ ಸಾಧುವಾಗುತ್ತಿದ್ದವು, ರಸ್ತೆಗಿಳಿದರೆ ಕಡಿಮೆ ಮಾಡುತ್ತಿದ್ದವು. ಪ್ರಪಂಚದಲ್ಲಿ ಸುಮಾರು 1.1 ಕೋಟಿ ಕಾರುಗಳಲ್ಲಿ ಇಂಥ ಸಾಫ್ಟ್‌ವೇರ್ ಇತ್ತು. ಭಾರತದಲ್ಲೂ ಮೂರು ಲಕ್ಷಕ್ಕಿಂತ ಹೆಚ್ಚು ಕಾರುಗಳನ್ನು ವಾಪಸು ಕರೆಯಬೇಕಾಯಿತು, 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹೇಳಿತು. ನನಗೆ ಸ್ವಾರಸ್ಯ ಅನ್ನಿಸುವುದು ಇನ್ನೊಂದು ವಾದ. ಎಂಜಿನ್ ಕೊಳೆಯಾಗಬಾರದು, ಬೇಗ ಮುದಿಯಾಗಬಾರದು ಎಂಬುದು ಇಂಥ ಸಾಫ್ಟ್‌ವೇರಿಗೆ ಸಮರ್ಥನೆ ಆಗುತ್ತದೆಯೇ ಎಂಬ ಪ್ರಶ್ನೆ ಯುರೋಪಿನ ಒಕ್ಕೂಟದ ನ್ಯಾಯಾಲಯದ ಮುಂದೆ ಬಂತು. ನಮ್ಮ ಗ್ಯಾರೇಜಿನಲ್ಲಿ ಕೇಳುವ ಮಾತೇ! ಆಗುವುದಿಲ್ಲ ಎಂದು 2020ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು.

ಹಳೆಯ ಗಾಡಿಗಳಲ್ಲಿ ತಗಡಿನ ಆಟ ಸುಲಭವಿತ್ತು. ವ್ಯಾಕ್ಯೂಮ್ ಪೈಪು ಕಿತ್ತು ಅದರ ಬಾಯಿಗೆ ಒಂದು ಸ್ಕ್ರೂ ತಿರುಗಿಸಿದರೂ ಸಾಕಾಗುತ್ತಿತ್ತು. ಈಗಿನವುಗಳಲ್ಲಿ ಒಳಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಇದೆ. ವಾಲ್ವ್ ತೆರೆದಾಗ ಹೊಸ ಗಾಳಿ ಕಡಿಮೆಯಾಗಬೇಕು. ಆಗದಿದ್ದರೆ ಕಂಪ್ಯೂಟರಿಗೆ ಅನುಮಾನ. ಮೀಟರಿನಲ್ಲಿ ಚೆಕ್ ಲೈಟ್ ಹತ್ತುತ್ತದೆ, ಸ್ಕ್ಯಾನರಿನಲ್ಲಿ ಪಿ0401 ಎಂದು ತೋರಿಸುತ್ತದೆ, ಕೆಲವು ಗಾಡಿಗಳು ಡೀಸೆಲ್ ಕಡಿತ ಮಾಡಿ ತೆವಳತೊಡಗುತ್ತವೆ. ಕಂಪ್ಯೂಟರಿನ ಬಾಯಿ ಮುಚ್ಚಿಸಲು ಮತ್ತೆ ಸಾಫ್ಟ್‌ವೇರ್ ತಿದ್ದಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಎಂಜಿನ್ ಮೊದಲಿಗಿಂತ ಹೆಚ್ಚು ಟಕಟಕ ಎನ್ನುತ್ತದೆ, ಏಕೆಂದರೆ ಉರಿಯನ್ನು ಮೆತ್ತಗೆ ಮಾಡುತ್ತಿದ್ದದ್ದೂ ಅದೇ ಹೊಗೆ. ಅಶೋಕ್ ಲೇಲ್ಯಾಂಡ್ ಬಿಎಸ್ 4 ಲಾರಿ ಬಸ್ಸುಗಳಿಗೆಂದು ತೋರಿಸಿದ ಐಇಜಿಆರ್ ಎಂಬ ಏರ್ಪಾಡಿನಲ್ಲಂತೂ ತಗಡು ಹಾಕಲು ಜಾಗವೇ ಇಲ್ಲ. ಸಿಲಿಂಡರಿನ ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತನ್ನು ಹೊಂದಿಸಿ ಸುಟ್ಟ ಅನಿಲದ ಒಂದಂಶ ಸಿಲಿಂಡರಿನಲ್ಲೇ ಇರುವಂತೆ ಮಾಡುವುದು ಅದರ ಕ್ರಮ. ಗಂಗೊಳ್ಳಿಯ ಬೋಟಿನವರಿಗೆ ಸಾಮಾನ್ಯವಾಗಿ ಈ ತಲೆನೋವಿಲ್ಲ; ದೂರದಲ್ಲಿ ಹಾದುಹೋಗುವ ಹಡಗುಗಳಲ್ಲಿ ಕೆಲವಕ್ಕೆ ಇದೆ, ಅಲ್ಲಿ ಇಜಿಆರ್ ಒಂದು ಕೋಣೆಯಷ್ಟು ದೊಡ್ಡದು.

ಹಾಗಾದರೆ ಮಾಡಬೇಕಾದ್ದು ತೊಳೆಯುವ ಕೆಲಸ. ಕರಾವಳಿಯಲ್ಲಿ ಅದರ ಮೊದಲ ಕಷ್ಟ ತುಕ್ಕು. ಉಪ್ಪುಗಾಳಿ ತಿಂದ ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡದಿದ್ದರೆ ತಲೆ ಮುರಿದು ಕೈಗೆ ಬರುತ್ತದೆ. ವಾಲ್ವ್ ಬಿಚ್ಚಿ ಕಾರ್ಬನ್ ಕ್ಲೀನರ್ ಹೊಡೆದು, ನೆನೆಯಲು ಬಿಟ್ಟು, ಮೆತ್ತನೆ ಬ್ರಷ್ಷಿನಿಂದ ಉಜ್ಜಬೇಕು. ಮೋಟಾರು, ವೈರಿನ ಭಾಗ ಮುಳುಗಬಾರದು. ಕಾಸ್ಟಿಕ್ ಸೋಡಾ ಹಾಕಿ ನೆನೆಸುವವರಿದ್ದಾರೆ, ಅದು ಅಲ್ಯೂಮಿನಿಯಂ ಮೈಯನ್ನೇ ತಿನ್ನುತ್ತದೆ. ಇಂಟೇಕ್ ಪೈಪನ್ನೂ ಇಣುಕಿ ನೋಡಬೇಕು. ಇಜಿಆರ್ ಕೂಲರ್ ಸೋರುತ್ತಿದ್ದರೆ ಕೂಲಂಟ್ ಕಾರಣವಿಲ್ಲದೆ ಇಳಿಯುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಅದಕ್ಕೆ ತೊಳೆದು ಪ್ರಯೋಜನವಿಲ್ಲ, ಕೂಲರನ್ನೇ ಬದಲಿಸಬೇಕು. ಹೊಸ ಪ್ಯಾಕಿಂಗ್ ಹಾಕಿ ಕೂರಿಸಿದ ಮೇಲೆ, ಕರೆಂಟಿನ ವಾಲ್ವ್ ಆದರೆ ಅದರ ಮುಚ್ಚಿದ ಸ್ಥಿತಿ ಯಾವುದು ಎಂದು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಮತ್ತೆ ಕಲಿಸಬೇಕಾಗಬಹುದು.

ಇಷ್ಟಾದ ಮೇಲೆ ಗಾಡಿಯನ್ನು ಹೊಸಂಗಡಿ ಕಡೆ ಒಮ್ಮೆ ಬಿಡಿ. ಆಗಲೂ ಏರಿನಲ್ಲಿ ಮುಗ್ಗರಿಸಿದರೆ ಹುಡುಕಬೇಕಾದದ್ದು ಬೇರೆ ಕಡೆ: ಟರ್ಬೋ ಪೈಪಿನ ಬಿರುಕು, ಕಟ್ಟಿಹೋದ ಏರ್ ಫಿಲ್ಟರ್, ಮಳೆಗಾಲದಲ್ಲಾದರೆ ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರು.