ನಿದ್ದೆಯ ಚೀಟಿಯನ್ನೂ ಓದಲು ಕಲಿಯೋಣ



ಈ ಪುಟದಲ್ಲಿ ಕೆಚ್ಚಲು ಬಾವು, ಜಂತುನಾಶಕ, ಹಸಿರು ಮೇವಿನ ಬಗ್ಗೆ ಬರೆಯುವ ನಾನು ಈ ಸಲ ರಾಸುಗಳನ್ನು ಬಿಟ್ಟು ರಾಸು ಸಾಕುವವರ ಆರೋಗ್ಯದ ಬಗ್ಗೆ ಬರೆಯುತ್ತಿದ್ದೇನೆ. ಕಾರಣ, ರೋಗಿ ನಾನೇ.

ಕಳೆದ ವರ್ಷ ಒಂದು ರಾತ್ರಿ ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸುವಿಗೆ ಚಿಕಿತ್ಸೆ ಮಾಡಿ, ಬೆಳಗಿನ ಜಾವ ಬೈಕಿನಲ್ಲಿ ಹಿಂದಿರುಗುತ್ತಿದ್ದೆ. ಹಿಂದೆ ಕುಳಿತಿದ್ದ ಸಂಘದ ಕಾರ್ಯದರ್ಶಿ ಇದ್ದಕ್ಕಿದ್ದಂತೆ ನನ್ನ ಹೆಗಲು ಹಿಡಿದು ಅಲುಗಾಡಿಸಿದರು. "ಸಾರ್, ಅಜ್ಜಿ! ಅಜ್ಜಿ!" ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದ ಅಜ್ಜಿಯೊಬ್ಬರು ನಾಲ್ಕು ಮಾರು ದೂರದಲ್ಲಿದ್ದರು. ಬ್ರೇಕು ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಕಣ್ಣು ಮುಚ್ಚಿದ್ದು ನನಗೇ ಗೊತ್ತಿರಲಿಲ್ಲ.

ರಾತ್ರಿ ಕೆಲಸದ ಸುಸ್ತು ಎಂದುಕೊಂಡಿದ್ದೆ. ಮನೆಯಾಕೆ ಒಪ್ಪಲಿಲ್ಲ. "ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತುಹೋಗುತ್ತೆ. ಆಮೇಲೆ ಗಕ್ಕಂತ ಎಳ್ಕೋತೀರಿ. ನಾನು ಎಣಿಸ್ಕೊಂಡು ಕೂತಿರ್ತೀನಿ" ಎಂದಳು. ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆಕ್ಷಣ ಎಚ್ಚರಿಸುತ್ತದೆ, ಉಸಿರು ಬರುತ್ತದೆ. ಬೆಳಿಗ್ಗೆ ನಮಗೆ ಯಾವುದೂ ನೆನಪಿರುವುದಿಲ್ಲ.

ವರದಿಯಲ್ಲಿ ಏನಿರುತ್ತದೆ?

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ, ತಲೆ, ಎದೆ, ಮೂಗು, ಬೆರಳಿಗೆ ತಂತಿ ಹಚ್ಚಿ ಪರೀಕ್ಷೆ ಮಾಡಿದರು. ಕೈಗೆ ಬಂದದ್ದು ಹಲವು ಪುಟಗಳ ವರದಿ. ಪಶುವೈದ್ಯ ಪದವಿ ಇದ್ದರೂ ಮೊದಲ ದಿನ ನನಗೂ ಅರ್ಥವಾಗಲಿಲ್ಲ. ಆದರೆ ಡೇರಿ ಚೀಟಿಯಲ್ಲಿ ಫ್ಯಾಟ್, ಎಸ್.ಎನ್.ಎಫ್. ನೋಡುವ ನಿಮಗೆ ಇದು ಕಷ್ಟವಲ್ಲ.

ಮೊದಲು ನೋಡಬೇಕಾದದ್ದು ಎ.ಎಚ್.ಐ. ಒಂದು ಗಂಟೆ ನಿದ್ದೆಯಲ್ಲಿ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡು ನಿಂತಿತು ಅಥವಾ ತೀರ ಕಡಿಮೆಯಾಯಿತು ಎಂಬ ಲೆಕ್ಕ ಇದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ಮತ್ತು ಮೇಲ್ಪಟ್ಟರೆ ತೀವ್ರ. ನನ್ನದು 34. ಆ ರಾತ್ರಿ ನಿದ್ದೆ ಮಾಡಿದ್ದು 6 ಗಂಟೆ. ಅಂದರೆ 204 ಸಲ.

ಎರಡನೆಯದು ಆಮ್ಲಜನಕ. ನನ್ನ ವರದಿಯಲ್ಲಿ ಅತಿ ಕಡಿಮೆ 79 ಎಂದಿತ್ತು, ಎದೆ ಝಲ್ಲೆಂದಿತು. ಆ ಒಂದು ಅಂಕಿಯಷ್ಟೇ ಸಾಲದು, ಒಟ್ಟು ಎಷ್ಟು ನಿಮಿಷ ಶೇ. 90ಕ್ಕಿಂತ ಕೆಳಗಿತ್ತು ಎಂಬುದನ್ನೂ ನೋಡಬೇಕೆಂದು ವೈದ್ಯರು ತಿಳಿಸಿದರು.

ಮೂರನೆಯದು ಮಲಗುವ ಭಂಗಿ. ನಾನು ಅಂಗಾತ ಮಲಗಿದಾಗ 52, ಮಗ್ಗುಲಾಗಿ ಮಲಗಿದಾಗ 14. ಎರಡೂ ಸೇರಿ 34. ಸರಾಸರಿ ಒಂದನ್ನೇ ನೋಡಿದ್ದರೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಇದೆ. ಅದು ಸಾಮಾನ್ಯವಾಗಿ ಯಂತ್ರ ಓಡಿದ ಗಂಟೆಗಳಿಂದ ಭಾಗಿಸುತ್ತದೆ, ನಿದ್ದೆ ಮಾಡಿದ ಗಂಟೆಗಳಿಂದಲ್ಲ. ಅರ್ಧ ರಾತ್ರಿ ಎಚ್ಚರವಿದ್ದರೆ ಅಂಕಿ ಕಡಿಮೆ ಬರುತ್ತದೆ, ನೀರು ಬೆರೆತ ಹಾಲಿನ ಹಾಗೆ. ಲಕ್ಷಣಗಳಿದ್ದೂ ವರದಿ ಚೆನ್ನಾಗಿ ಬಂದರೆ ವೈದ್ಯರನ್ನು ಮತ್ತೆ ಕೇಳಿ.

ಯಂತ್ರ ಹಾಕಿಕೊಂಡರೂ ತೂಕಡಿಕೆ ಏಕೆ?

ನನಗೆ ಸಿಪ್ಯಾಪ್ ಯಂತ್ರ ಕೊಟ್ಟರು. ಮೂಗಿನ ಮುಖವಾಡದ ಮೂಲಕ ಹದವಾದ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ಅದು ತಡೆಯುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಇದನ್ನು ಪ್ರಕಟಿಸಿದರು.

ಒಂದು ತಿಂಗಳ ನಂತರ ಯಂತ್ರದ ಪರದೆ ಎ.ಎಚ್.ಐ. 2.8 ಎಂದು ತೋರಿಸುತ್ತಿತ್ತು. ಆದರೂ ಮಧ್ಯಾಹ್ನ ಕಣ್ಣು ಎಳೆಯುತ್ತಿತ್ತು. ವೈದ್ಯರು ಅದರ ಪಕ್ಕದ ಅಂಕಿ ತೋರಿಸಿದರು: ಬಳಕೆ, ದಿನಕ್ಕೆ 3 ಗಂಟೆ 10 ನಿಮಿಷ. ಬಾಯಿ ಒಣಗಿ, ಗಾಳಿ ಸೋರಿ, ನಡುರಾತ್ರಿ ನಿದ್ದೆಗಣ್ಣಿನಲ್ಲಿ ಮುಖವಾಡ ಕಿತ್ತೆಸೆಯುತ್ತಿದ್ದೆ. 2.8 ಎಂಬುದು ಹಾಕಿಕೊಂಡಿದ್ದ ಹೊತ್ತಿನ ಲೆಕ್ಕ ಮಾತ್ರ.

ಹಾಲು ಕರೆಯುವವರಿಗೆ ಇದು ಬೇಗ ತಿಳಿಯುತ್ತದೆ. ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಮೊದಲ ಹಾಲನ್ನಷ್ಟೇ ಪರೀಕ್ಷಿಸಿದರೆ ಹಸುವಿನ ನಿಜವಾದ ಫ್ಯಾಟ್ ತಿಳಿಯದು. ರಾತ್ರಿಯೂ ಹಾಗೆಯೇ. ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು, ಆಗ ಸ್ನಾಯುಗಳು ಇನ್ನಷ್ಟು ಸಡಿಲ. ಬಹಳ ಜನರಿಗೆ ಉಸಿರು ಹೆಚ್ಚು ನಿಲ್ಲುವುದೂ ಆಗಲೇ. ನಾನು ಆ ಹೊತ್ತಿಗೇ ಮುಖವಾಡ ತೆಗೆದಿರುತ್ತಿದ್ದೆ.

ಮುಖವಾಡದ ಅಳತೆ ಬದಲಿಸಿ, ಗಾಳಿಗೆ ತೇವ ಕೊಡುವ ನೀರಿನ ಪೆಟ್ಟಿಗೆ ಜೋಡಿಸಿದ ಮೇಲೆ ಈಗ 6 ಗಂಟೆ ದಾಟುತ್ತದೆ. ಕರೆಂಟು ಹೋಗುವ ನಮ್ಮೂರಿಗೆ ಇನ್ವರ್ಟರ್ ಬೇಕಾಯಿತು. ಹಾಲು ಕರೆಯುವ ಯಂತ್ರದ ಲೈನರ್ ತೊಳೆಯುವಂತೆ ಮುಖವಾಡವನ್ನೂ ದಿನಾ ಸೋಪಿನ ನೀರಿನಲ್ಲಿ ತೊಳೆಯುತ್ತೇನೆ. ಗಾಳಿಯ ಒತ್ತಡವನ್ನು ಮಾತ್ರ ನಾನಾಗಿ ಬದಲಿಸುವುದಿಲ್ಲ.

ನೀವು ಗಮನಿಸಬೇಕಾದದ್ದು

ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು, ಬೆಳಗಿನ ತಲೆನೋವು, ಹಗಲು ತೂಕಡಿಕೆ, ಮಾತ್ರೆಗೂ ಬಗ್ಗದ ಬಿ.ಪಿ. ಇದ್ದರೆ ವೈದ್ಯರಿಗೆ ಹೇಳಿ. ಹೆಣ್ಣುಮಕ್ಕಳಲ್ಲಿ ಗೊರಕೆ ಅಷ್ಟು ಕಾಣದೆ ಬರೀ ಸುಸ್ತು, ನಿದ್ದೆಗೇಡು ಎಂದೂ ತೋರಬಹುದು. ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋಗುವ ತಾಯಂದಿರು "ಕೆಲಸದ ಆಯಾಸ" ಎಂದು ಸುಮ್ಮನಾಗಬೇಡಿ. ತೂಕ ಹೆಚ್ಚಿದ್ದರೆ ಇಳಿಸುವುದು ಒಳ್ಳೆಯದು. ಮದ್ಯ ಮತ್ತು ವೈದ್ಯರು ಹೇಳದ ನಿದ್ದೆ ಮಾತ್ರೆ ಗಂಟಲನ್ನು ಇನ್ನೂ ಸಡಿಲಗೊಳಿಸುತ್ತವೆ. ತೂಕಡಿಕೆ ಬರುತ್ತಿದ್ದರೆ ಬೈಕು, ಟ್ರ್ಯಾಕ್ಟರು ಮುಟ್ಟಬೇಡಿ, ಮೇವು ಕತ್ತರಿಸುವ ಯಂತ್ರದ ಹತ್ತಿರವೂ ಹೋಗಬೇಡಿ.

ಹಸು ಎರಡು ಹೊತ್ತು ಮೇವು ಬಿಟ್ಟರೆ ನನಗೆ ಫೋನು ಮಾಡುತ್ತೀರಿ. ಮನೆಯವರ ಉಸಿರು ರಾತ್ರಿ ನಿಲ್ಲುತ್ತಿದ್ದರೂ ಅಷ್ಟೇ ಬೇಗ ವೈದ್ಯರ ಬಳಿ ಕರೆದುಕೊಂಡು ಹೋಗಿ. ಆ ಅಜ್ಜಿ ಈಗಲೂ ದಿನಾ ಹಾಲು ಹಾಕುತ್ತಾರೆ. ಕಂಡಾಗಲೆಲ್ಲ ನಾನು ಬೈಕಿನ ವೇಗ ತಗ್ಗಿಸುತ್ತೇನೆ.

— ನಿಮ್ಮ ಪಶುವೈದ್ಯಾಧಿಕಾರಿ