ಎಲ್ಲರ ಯಂತ್ರ, ಯಾರ ಹೊಣೆ?

ಎಲ್ಲರಿಗೂ ಸೇರಿದ ಬಾವಿಯ ಹಗ್ಗ ಸವೆಯುವುದನ್ನು ಯಾರೂ ಗಮನಿಸುವುದಿಲ್ಲ. ಕೊಡ ಕಳಚಿ ಬಿದ್ದಾಗಲೇ ಎಲ್ಲರೂ ಇಣುಕುತ್ತಾರೆ. ಬೆಂಗಳೂರಿನಲ್ಲಿ ಹಲವರು ಶುಲ್ಕ ತೆತ್ತು ಬಳಸುವ ಕಾರ್ಯಾಗಾರಗಳಿಗೂ ಈ ಮಾತು ಒಪ್ಪುತ್ತದೆ. ನಾನು ಸದಸ್ಯನಾಗಿರುವ ಅಂಥದೊಂದು ಕಾರ್ಯಾಗಾರದಲ್ಲಿ ಕಂಪ್ಯೂಟರಿನ ಆದೇಶದಂತೆ ಮರ ಕೊರೆಯುವ ಸಿಎನ್‌ಸಿ ರೂಟರ್ ಇದೆ. ಈಚೆಗೆ ಅದು ಕೊರೆದ ವೃತ್ತಗಳು ವೃತ್ತಗಳಾಗಿರಲಿಲ್ಲ. ಕುರ್ಚಿ ತಯಾರಿಸಿ ಬದುಕುವ ಯುವಕನೊಬ್ಬನ ಪ್ಲೈವುಡ್ ಹಾಳಾಯಿತು. ‘ನಿನ್ನ ನಕ್ಷೆಯೇ ಸರಿಯಿಲ್ಲ’ ಎಂಬ ಮಾತನ್ನೂ ಆತ ಕೇಳಬೇಕಾಯಿತು.

ಎಲ್ಲರೂ ಸಾಫ್ಟ್‌ವೇರ್ ಮೇಲೆ ಗುಮಾನಿಪಟ್ಟರು. ಹಿಂದೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಹಿರಿಯ ಸದಸ್ಯರೊಬ್ಬರು ಮಾತ್ರ, ‘ಬಿಚ್ಚೋದಕ್ಕೆ ಮೊದಲು ಅಳೀಬೇಕು ಸಾರ್’ ಎಂದರು. ಚಲಿಸುವ ಭಾಗಕ್ಕೆ ಡಯಲ್ ಗೇಜ್ ತಾಗಿಸಿ, ಯಂತ್ರವನ್ನು ಒಂದು ದಿಕ್ಕಿಗೆ ನಡೆಸಿ, ಬಳಿಕ 1 ಮಿ.ಮೀ. ಹಿಂದಕ್ಕೆ ಬರುವಂತೆ ಆದೇಶಿಸಿದೆವು. ಪರದೆ 1 ಎಂದು ತೋರಿಸಿತು. ಗೇಜಿನ ಮುಳ್ಳು 0.6ರಲ್ಲಿ ನಿಂತಿತು. ಅದೇ ದಿಕ್ಕಿನಲ್ಲಿ ಇನ್ನೊಂದು ಮಿ.ಮೀ. ನಡೆಸಿದಾಗ ಪೂರ್ತಿ ಸರಿಯಿತು. ಎಂದರೆ ಕಂಪ್ಯೂಟರಿನ ಲೆಕ್ಕ ಸರಿಯಿದೆ. ದಿಕ್ಕು ಬದಲಾಗುವಾಗ ಎಲ್ಲೋ ಸಡಿಲವಿದೆ.

ಇಂಥ ಸಣ್ಣ ಯಂತ್ರಗಳ ಸ್ಟೆಪ್ಪರ್ ಮೋಟಾರುಗಳು ಸಾಮಾನ್ಯವಾಗಿ ತಾವು ತಲುಪಿದ ಸ್ಥಾನವನ್ನು ವರದಿ ಮಾಡುವುದಿಲ್ಲ. ಆದೇಶ ಹೊರಟರೆ ಕೆಲಸ ಆಯಿತೆಂದೇ ಕಂಪ್ಯೂಟರ್ ಭಾವಿಸುತ್ತದೆ. ಮೋಟಾರಿನ ದಂಡವನ್ನೂ ಅದು ತಿರುಗಿಸುವ ಉದ್ದನೆಯ ಸ್ಕ್ರೂವನ್ನೂ ಬೆಸೆಯುವ ಕಪ್ಲಿಂಗನ್ನು ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ಅದರ ಪುಟ್ಟ ಗ್ರಬ್ ಸ್ಕ್ರೂ ಸಡಿಲಗೊಂಡಿತ್ತು. ಬಿಗಿದೊಡನೆ ವ್ಯತ್ಯಾಸ ಬಹುಪಾಲು ಇಳಿಯಿತು. ಉಳಿದುದಕ್ಕೆ ಮರದ ಧೂಳು ತುಂಬಿ ಸವೆದ ನಟ್ ಕಾರಣವಾಗಿತ್ತು, ಅದನ್ನೂ ಬದಲಿಸಿದೆವು.

ಅಂಕಿಗಳ ಆದೇಶದಿಂದ ನಡೆಯುವ ಮಿಲ್ಲಿಂಗ್ ಯಂತ್ರ ಅಮೆರಿಕದ ಎಂಐಟಿಯಲ್ಲಿ ಪ್ರದರ್ಶನಗೊಂಡದ್ದು 1952ರಲ್ಲಿ. ಅಂದಿನಿಂದ ಕಂಪ್ಯೂಟರ್ ಗುರುತು ಸಿಗದಷ್ಟು ಬದಲಾಗಿದೆ. ಸ್ಕ್ರೂ, ನಟ್, ಬೇರಿಂಗುಗಳು ಸವೆಯುವ ರೀತಿ ಮಾತ್ರ ಬದಲಾಗಿಲ್ಲ. ಅವು ಎಣ್ಣೆಯನ್ನೂ ಶುಚಿಯನ್ನೂ ಬೇಡುತ್ತಲೇ ಇವೆ.

ದುರಸ್ತಿಗೆ ಹಿಡಿದದ್ದು ಅರ್ಧ ದಿನ. ದೋಷವನ್ನು ಒಪ್ಪಿಕೊಳ್ಳಲು ಹಿಡಿದದ್ದು ವಾರಗಳು. ಕೊರೆತ ತಪ್ಪಿದ್ದನ್ನು ಮೊದಲೇ ಕಂಡವರಿದ್ದರು. ಹೇಳಿದರೆ ತಪ್ಪು ತಮ್ಮ ತಲೆಗೆ ಬಂದೀತೆಂದು ಸುಮ್ಮನಿದ್ದರು. ಹಂಚಿಕೊಂಡು ಬಳಸುವ ಯಂತ್ರದ ಪಕ್ಕದಲ್ಲಿ ಒಂದು ದಿನಚರಿ ಪುಸ್ತಕವಿರಲಿ. ದೋಷ ಬರೆದವನನ್ನು ಆರೋಪಿಯಂತೆ ನೋಡದಿರೋಣ. ಗ್ರಬ್ ಸ್ಕ್ರೂ ಬಿಗಿಯಲು ಒಂದು ಅಲೆನ್ ಕೀ ಸಾಕು. ನಿರ್ದೋಷಿ ಯುವಕನ ಪ್ಲೈವುಡ್ಡಿಗೂ ಮಾನಕ್ಕೂ ಆದ ನಷ್ಟವನ್ನು ತುಂಬಿಕೊಡುವ ಸಲಕರಣೆ ಯಾವ ಪೆಟ್ಟಿಗೆಯಲ್ಲೂ ಇಲ್ಲ.